ಹುತಾತ್ಮರ ಹೆಸರಿನ ಮೇಲೇ ಬಣ್ಣ ಬಳಿದಿದ್ದಾರೆ

ಮಾನ್ಯ ಸಂಪಾದಕರೇ,

ನಮ್ಮೂರಿನ ಹುತಾತ್ಮ ಯೋಧರ ಸ್ಮಾರಕಕ್ಕೆ ಹೊಸ ಕಳೆ ಬಂದಿದೆ ಅಂತ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ವರದಿಗಾರರು ಕಲ್ಲಿನ ಹತ್ತಿರ ಹೋಗಿ ನೋಡಿದ್ದರಾ? ನೋಡಿದ್ದರೆ ಒಂದು ಹೆಸರನ್ನಾದರೂ ಓದಿ ತೋರಿಸಲಿ. ಕಾರ್ಗಿಲ್ ವಿಜಯ ದಿವಸದ ಅವಸರದಲ್ಲಿ ಇಡೀ ಕಲ್ಲಿಗೆ ಆಯಿಲ್ ಪೇಂಟ್ ಹೊಡೆದುಬಿಟ್ಟಿದ್ದಾರೆ. ಕೆತ್ತಿದ ಅಕ್ಷರಗಳೊಳಗೆ ಬಣ್ಣ ತುಂಬಿ ಹೆಸರು, ಊರು, ಇಸವಿ ಎಲ್ಲ ಮುಚ್ಚಿಹೋಗಿವೆ.

ನಮ್ಮ ಕಾಕಾ 1971ರ ಯುದ್ಧದಲ್ಲಿ ಇದ್ದವರು. ತರಬೇತಿ ಆಗಿದ್ದು ಬೆಳಗಾವಿಯ ಮರಾಠಾ ರೆಜಿಮೆಂಟ್ ಸೆಂಟರ್‌ನಲ್ಲಿ. ಅವರ ಜೊತೆಗಿದ್ದವರೊಬ್ಬರ ಹೆಸರು ಈ ಕಲ್ಲಿನ ಮೇಲಿದೆ. ಕಾಕಾಗೆ ಈಗ ಕಣ್ಣು ಅಷ್ಟಾಗಿ ಕಾಣಲ್ಲ, ಬೆರಳಾಡಿಸಿಯೇ ಆ ಹೆಸರು ಹುಡುಕುತ್ತಾರೆ. ಮೊನ್ನೆ ವಿಜಯ ದಿವಸದ ಕಾರ್ಯಕ್ರಮಕ್ಕೆ ಅವರನ್ನು ಕರೆದುಕೊಂಡು ಹೋದರೆ ಆಟೊವನ್ನು ದೂರದಲ್ಲೇ ತಡೆದರು. ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ, ಮೇಲಿಂದ ಜಿಟಿಜಿಟಿ ಮಳೆ, ಮೊಣಕಾಲು ನೋವಿನ ಮನುಷ್ಯನನ್ನು ಆ ರಾಡಿಯಲ್ಲಿ ನಡೆಸಿಕೊಂಡು ಹೋಗಬೇಕಾಯಿತು. ಅಲ್ಲಿ ಹೋದರೆ ಪಾಸ್ ಇದೆಯಾ ಅಂತ ಕೇಳಿದರು. ಸೈನಿಕರ ಕಾರ್ಯಕ್ರಮಕ್ಕೆ ಸೈನಿಕನಿಗೇ ಪಾಸ್ ಬೇಕಾ? ಕುರ್ಚಿಗಳೆಲ್ಲ ಮುಖಂಡರ ಹಿಂಬಾಲಕರಿಗೆ. ಅತಿಥಿಗಳು ಬರುವ ಹೊತ್ತಿಗೆ ಕಾಕಾನ ಶುಗರ್ ಮಾತ್ರೆಯ ಸಮಯವೂ ಮೀರಿತ್ತು. ಭಾಷಣ, ಫೋಟೊ ಎಲ್ಲ ಮುಗಿದ ಮೇಲೆ ಕಲ್ಲಿನ ಹತ್ತಿರ ಬಿಟ್ಟರು. ಕಾಕಾ ಎಷ್ಟು ತಡವಿದರೂ ಅಕ್ಷರ ಸಿಗಲಿಲ್ಲ. ವಾಪಸ್ ಬರೋಣ ಅಂದರೆ ಸಿಟಿ ಬಸ್ಸೂ ಇಲ್ಲ. ಅರ್ಧ ದಿನ ನನ್ನ ಅಂಗಡಿ ಬಂದ್.

ನಮ್ಮ ಜಿಲ್ಲೆಯ ಇಳಕಲ್ ಗ್ರಾನೈಟ್ ಎಲ್ಲೆಲ್ಲಿಗೋ ಹೋಗುತ್ತದೆ. ಅಂಥ ಜಿಲ್ಲೆಯಲ್ಲಿ, ಪಾಲಿಶ್ ಮಾಡಿದ ಕಲ್ಲಿಗೆ ಪೇಂಟ್ ಬೇಡ, ನೀರು ಮತ್ತು ಬಟ್ಟೆ ಸಾಕು, ಬಣ್ಣ ಬೇಕಿದ್ದರೆ ಅಕ್ಷರದೊಳಗೆ ಮಾತ್ರ ತುಂಬಬೇಕು ಅಂತ ಹೇಳುವವರು ಪೇಂಟ್ ಹೊಡೆಸಿದ ಕಚೇರಿಯಲ್ಲಿ ಒಬ್ಬರೂ ಇರಲಿಲ್ವಾ? ದಿಲ್ಲಿಯ ಇಂಡಿಯಾ ಗೇಟ್ ಕಟ್ಟಿ ಮುಗಿಸಿದ್ದು 1931ರಲ್ಲಿ. ಅದರ ಮೇಲೆ 13 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಪಕ್ಕದಲ್ಲೇ 2019ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25 ಸಾವಿರ ದಾಟಿದೆ. ಅಷ್ಟೊಂದು ಹೆಸರು ಅಲ್ಲಿ ಕಾಪಾಡುತ್ತಾರೆ, ಇಲ್ಲಿ ಒಂದೇ ಕಲ್ಲನ್ನು ನೋಡಿಕೊಳ್ಳೋಕೆ ಆಗಲಿಲ್ಲ.

ನಮ್ಮ ಜಿಲ್ಲೆಯದೇ ಊರು ಹಲಗಲಿಯ ವಿಷಯವೂ ಹಾಗೇ ಬಿದ್ದಿದೆ. 1857ರಲ್ಲಿ ಆಯುಧ ಒಪ್ಪಿಸಲ್ಲ ಅಂದಿದ್ದಕ್ಕೆ ಬ್ರಿಟಿಷರು ಊರಿಗೇ ಬೆಂಕಿ ಇಟ್ಟರು, ಸಿಕ್ಕವರನ್ನು ಗಲ್ಲಿಗೆ ಹಾಕಿದರು. ಸತ್ತವರು ಯಾವ ಪಲ್ಟನ್ನಿನವರೂ ಅಲ್ಲ, ಊರಿನ ಬೇಡರು. ಲಾವಣಿ ಹಾಡುವವರು ಅವರನ್ನು ಮರೆಯಲಿಲ್ಲ. ನಮ್ಮ ಸ್ಮಾರಕದ ಒಂದು ಬದಿಗೆ ಅವರ ಹೆಸರನ್ನೂ ಕೆತ್ತಿಸಿ ಅಂತ ನಮ್ಮ ಬಡಾವಣೆಯ ಹಿರಿಯರು ಅರ್ಜಿ ಕೊಟ್ಟಿದ್ದರು. ಆ ಅರ್ಜಿ ಯಾರ ಟೇಬಲ್ ಮೇಲಿದೆಯೋ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಬಿಟ್ಟು ನವನಗರಕ್ಕೆ ಬಂದಾಗ ಸೈಟಿನ ಕಾಗದಕ್ಕಾಗಿ ನಮ್ಮ ಅಪ್ಪನೂ ಹೀಗೇ ಚಪ್ಪಲಿ ಸವೆಸಿದರು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಅಪ್ಪ ತೀರಿಕೊಂಡರು, ಸಾಹೇಬರ ಮೀಟಿಂಗ್ ಮುಗಿದಿಲ್ಲ.

ಕೂಡಲೇ ಆ ಬಣ್ಣ ಕೆರೆಸಬೇಕು. ಇಲ್ಲಾಂದ್ರೆ ಹೊಸ ಕಲ್ಲೇ ಹಾಕಿಸಬೇಕು. ಪೇಂಟಿನ ಬಿಲ್ಲಿಗೆ ಸಹಿ ಮಾಡಿದವರು ಬಂದು ಕಾಕಾನಂಥವರ ಎದುರು ನಿಂತು ಉತ್ತರ ಕೊಡಬೇಕು. ರಸ್ತೆಯನ್ನೂ ಯಾರಾದರೂ ನೋಡಿ. ಮುಖಂಡರೇ, ಸಾಹೇಬರೇ, ಇದ್ಯಾವುದೂ ಆಗಲ್ಲ ಅಂದರೆ ಮುಂದಿನ ವರ್ಷ ಹಾರ ಹಿಡಿದುಕೊಂಡು ಅಲ್ಲಿಗೆ ಬರಲೇಬೇಡಿ. ನಾಚಿಕೆ ಆಗಬೇಕು ನಿಮಗೆ.

— ನೊಂದ ಓದುಗ, ನವನಗರ, ಬಾಗಲಕೋಟೆ