ಪಾಳು ತೋಟಕ್ಕೆ ಮರುಜೀವ

ಮಾನ್ಯರೇ,

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ. ಮೊನ್ನೆ ಕೋಬಮ್ ಬಳಿಯ ಪೇನ್ಸ್‌ಹಿಲ್ ಉದ್ಯಾನ ನೋಡಿದೆವು. ಚಾರ್ಲ್ಸ್ ಹ್ಯಾಮಿಲ್ಟನ್ 1738ರಿಂದ ಆಸೆಪಟ್ಟು ಬೆಳೆಸಿದ ತೋಟವಿದು. ಕೈಯಲ್ಲಿ ದುಡ್ಡಿಲ್ಲದೆ 1773ರಲ್ಲಿ ಮಾರಿಬಿಟ್ಟರು, ಪಾಪ. ಎರಡನೇ ಮಹಾಯುದ್ಧದ ನಂತರ ಪೂರ್ತಿ ಪಾಳುಬಿತ್ತು.

1980ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಜಾಗ ಕೊಂಡಿತು. ಮರುವರ್ಷ ತೋಟ ಸರಿಪಡಿಸಲು ಟ್ರಸ್ಟ್ ಆಯಿತು. ಟ್ರಸ್ಟಿನವರು ಸುಮ್ನೆ ಹೊಸ ಗಿಡ ನೆಟ್ಟು ಕೈತೊಳೆದುಕೊಳ್ಳಲಿಲ್ಲ. ನೆಲ ಅಗೆದು, ಹಳೇ ಕಾಗದಪತ್ರ ಕೆದಕಿ, ಎಲ್ಲಿ ಏನಿತ್ತು ಅಂತ ಹುಡುಕಿದರು. ನನಗೆ ಅದೇ ದೊಡ್ಡ ಕೆಲಸ ಅನಿಸಿತು.

ಕೆರೆ ನಡುವಿನ ದ್ವೀಪದಲ್ಲಿ ಗುಹೆಯಿದೆ. ಛಾವಣಿ ತುಂಬ ಹರಳುಗಳು ಕೋಲುಕೋಲಾಗಿ ಇಳಿಬಿದ್ದಿವೆ. ನೀರಿನ ಬೆಳಕು ತಾಗಿದರೆ ಮಿನುಗುತ್ತವೆ. ಮೊಮ್ಮಗ ಹೊರಗೆ ಬರಲೇ ಒಪ್ಪಲಿಲ್ಲ!

ಇಲ್ಲಿರುವ ಕನ್ನಡಿಗರು ಖಂಡಿತ ಹೋಗಿ ನೋಡಿ. ಗುಹೆ ತೆರೆಯುವ ವೇಳೆ ಮೊದಲೇ ವಿಚಾರಿಸಿ.

– ನಿಮ್ಮ ಓದುಗಿ, ಶಿವಮೊಗ್ಗ