ಭಾನುವಾರ ಮೋಬಿಯಸ್, ಪುಸ್ತಕ ಇರೋರು ತನ್ನಿ

ಎಲ್ರಿಗೂ ನಮಸ್ಕಾರ, ಭಾನುವಾರ ಸಂಜೆ 5ಕ್ಕೆ ಫ್ರಾನ್ಸಿನ ಕಾಮಿಕ್ಸ್ ಕಲಾವಿದ ಮೋಬಿಯಸ್ ಬಗ್ಗೆ ಮಾತಾಡೋಣ, ಅದೇ ಕೌಬಾಯ್ ಕಾಮಿಕ್ಸ್ ಬ್ಲೂಬೆರಿಗೆ ಚಿತ್ರ ಬರೀತಿದ್ದ ಜಾನ್ ಜಿರೋ, ಸೈ-ಫೈಗೆ ಇಳಿದ್ರೆ ಹೆಸರೂ ಬೇರೆ (ಅದೇ ಮೋಬಿಯಸ್), ಚಿತ್ರ ಬರೆಯೋ ಕೈನೂ ಬೇರೆ. 1975ರಲ್ಲಿ ಮೆತಾಲ್ ಯೂರ್ಲಾಂ ಪತ್ರಿಕೇಲಿ ಬಂದ ಅವರ ಅರ್ಜಾಕ್ ಕಾಮಿಕ್ಸ್ ನೋಡಿ, ಒಂದೂ ಮಾತಿನ ಬಲೂನ್ ಇಲ್ಲ, ಡೈನೋಸಾರ್ ಕಾಲದ ಟೆರೊಡ್ಯಾಕ್ಟೈಲ್ ಥರದ ಹಕ್ಕಿ ಮೇಲೆ ಒಬ್ಬ ಸುಮ್ನೆ ಹಾರ್ತಾ ಹೋಗ್ತಾನೆ, ಆದ್ರೂ ಪುಟ ತಿರುಗಿಸೋಕೆ ಮನಸ್ಸೇ ಬರಲ್ಲ. ಬಂಡೆ ಮೇಲೆ ಸಣ್ಣ ಸಣ್ಣ ಗೆರೆ, ಸುತ್ತ ಖಾಲಿ ಆಕಾಶ, ಆ ಖಾಲಿಯಿಂದ್ಲೇ ಕಥೆ ನಡೆಯೋ ಗ್ರಹ ಎಷ್ಟು ದೊಡ್ಡದು ಅನ್ಸತ್ತೆ. ಕಥೆ ಅರ್ಥ ಆಗ್ಲಿಲ್ಲ ಅಂತ ಹೆದರ್ಬೇಡಿ, ನಂಗೂ ಪೂರ್ತಿ ಆಗಿಲ್ಲ 😄 ಸ್ಕ್ಯಾನ್ ಪಿಡಿಎಫ್ ಇಲ್ಲಿ ಹಾಕ್ಬೇಡಿ ಪ್ಲೀಸ್, ಫೋನಲ್ಲಿ ಝೂಮ್ ಮಾಡಿ ನೋಡಿದ್ರೆ ಅರ್ಧ ಮಜಾ ಹೋಗತ್ತೆ.