ನಿನ್ನ ಪತ್ರದ ಆ ಒಂದು ಪದ

ಬೆಲ್‌ಫಾಸ್ಟ್

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊಣಕಾಲಿನ ಪೆಟ್ಟಿನ ವಿಷಯವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದಾಳೆ, ಮತ್ತೆ ಕೆದಕುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದಲ್ಲಿ ನೀನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಸಾಲು: ‘ಇನ್ನು ಮೇಲೆ ಎಲ್ಲರೂ ನನ್ನನ್ನು ನೋಡಿ ಪಾಪ ಅನ್ನುತ್ತಾರೆ.’

ಅದಕ್ಕೇ ಒಬ್ಬ ಫುಟ್‌ಬಾಲ್ ಆಟಗಾರನ ಕಥೆ ಹೇಳುತ್ತೇನೆ. ಇಲ್ಲಿ ನಾನು ಸಂಜೆ ನಡೆಯಲು ಹೋಗುವ ಬ್ಲೂಮ್‌ಫೀಲ್ಡ್ ಕಡೆಯ ಹುಡುಗ ಜಾಕಿ ಬ್ಲಾಂಚ್‌ಫ್ಲವರ್. 1933ರಲ್ಲಿ ಹುಟ್ಟಿದವನು. ಅವನ ಅಣ್ಣ ಡ್ಯಾನಿಯ ಹೆಸರನ್ನು ನೀನು ಕೇಳಿರಬೇಕು. ಜಾಕಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ, ಮುಂದೆ ಆಡು ಎಂದರೆ ಮುಂದೆ, ಹಿಂದೆ ನಿಲ್ಲು ಎಂದರೆ ಹಿಂದೆ ಆಡಿದ. 1957ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಎದುರಾಳಿಯೊಬ್ಬ ಡಿಕ್ಕಿ ಹೊಡೆದು ಅವರ ಗೋಲ್‌ಕೀಪರ್‌ನ ಕೆನ್ನೆಮೂಳೆ ಮುರಿಯಿತು. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಜಾಕಿಯೇ ಹೋಗಿ ಗೋಲು ಕಾಯಲು ನಿಂತ. 2-1ರಿಂದ ಸೋತರು. ಡಿಕ್ಕಿ ಹೊಡೆದವನೂ ಎರಡು ಗೋಲು ಹಾಕಿದವನೂ ಒಬ್ಬನೇ, ಪೀಟರ್ ಮೆಕ್‌ಪಾರ್ಲೆಂಡ್. ಜಾಕಿಯಂತೆ ಅವನೂ ಉತ್ತರ ಐರ್ಲೆಂಡ್ ತಂಡದವನೇ! ಈ ಮಾತು ನಿನಗೆ ಬೇಕಿಲ್ಲ, ಆದರೂ ಬಿಡಲು ಮನಸ್ಸು ಬರಲಿಲ್ಲ.

ಒಂಬತ್ತು ತಿಂಗಳಿಗೆ, 1958ರ ಫೆಬ್ರವರಿ 6ರಂದು, ಮ್ಯೂನಿಕ್‌ನ ವಿಮಾನ ದುರಂತ. ತಂಡ ಬೆಲ್‌ಗ್ರೇಡ್‌ನಲ್ಲಿ ಆಡಿ ಮರಳುತ್ತಿತ್ತು. ಆ ಪಂದ್ಯದಲ್ಲಿ ಜಾಕಿ ಆಡಿಯೇ ಇರಲಿಲ್ಲ, ಮೀಸಲು ಆಟಗಾರನಾಗಿ ಹೋಗಿದ್ದ. ಸತ್ತವರು 23 ಮಂದಿ. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ತನ್ನ ಕತ್ತಿನ ಟೈ ಬಿಚ್ಚಿ ಜಾಕಿಯ ತೋಳಿಗೆ ಬಿಗಿದು ರಕ್ತ ನಿಲ್ಲಿಸಿದ. ಸೊಂಟದ ಮೂಳೆ ಮುರಿದಿತ್ತು, ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ವಯಸ್ಸು 24. ಮತ್ತೆಂದೂ ಆಡಲಿಲ್ಲ.

ಅದೇ ಬೇಸಿಗೆಯಲ್ಲಿ ಅಣ್ಣ ಡ್ಯಾನಿ ಸ್ವೀಡನ್‌ನ ವಿಶ್ವಕಪ್‌ನಲ್ಲಿ ನಾಯಕನಾಗಿ ಉತ್ತರ ಐರ್ಲೆಂಡನ್ನು ಕ್ವಾರ್ಟರ್ ಫೈನಲ್‌ವರೆಗೆ ಒಯ್ದ. ಆ ದಿನಗಳಲ್ಲಿ ತಮ್ಮನನ್ನು ನೋಡಲು ಬಂದವರೆಲ್ಲ ಏನೆಂದಿರಬೇಕು? ನಿನಗೆ ಹೆದರಿಕೆ ಹುಟ್ಟಿಸಿದ ಪದವನ್ನೇ, ಅವರ ಭಾಷೆಯಲ್ಲಿ.

ಆಮೇಲೆ ಮಿಠಾಯಿ ಅಂಗಡಿ, ಬಾಜಿ ಕಟ್ಟುವ ಅಂಗಡಿ, ಪಬ್ಬು. ಯಾವುದೂ ನಿಲ್ಲಲಿಲ್ಲ. ಕೊನೆಗೆ ಲೆಕ್ಕಪತ್ರದ ಕೆಲಸ ಕಲಿತ. ಎಷ್ಟೋ ವರ್ಷಗಳ ಮೇಲೆ ಔತಣಕೂಟಗಳಲ್ಲಿ ಮಾತನಾಡಲು ಕರೆ ಬರತೊಡಗಿತು; ಎದ್ದು ನಿಂತು ಜನರನ್ನು ನಗಿಸುತ್ತಿದ್ದ. ನಗುವವರ ಬಾಯಿಂದ ಆ ಪದ ಸುಲಭವಾಗಿ ಹೊರಡುವುದಿಲ್ಲ, ನೋಡು. ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ನಡುವಿನ ವರ್ಷಗಳು ಬಹಳ ಉದ್ದವಾಗಿದ್ದವು.

ಅಣ್ಣತಮ್ಮಂದಿರ ಕಥೆ ಎಂದರೆ ನನಗೆ ನನ್ನ ತಮ್ಮ, ನಿನ್ನ ಚಿಕ್ಕಮಾವನೇ ಕಣ್ಣ ಮುಂದೆ ಬರುತ್ತಾನೆ. ಗಿರಣಿಯಲ್ಲಿ ಅವನ ಬಲಗೈ ಹೋದದ್ದು ನಿನಗೆ ಗೊತ್ತು. ಮರುವರ್ಷ ನಾನು ರಜೆಗೆ ಬಂದಾಗ ನಡೆದದ್ದು ಗೊತ್ತಿಲ್ಲ. ಹಜಾರದಲ್ಲಿ ಬೀಗರೆಲ್ಲ ಕುಳಿತಿದ್ದರು. ಅವನು ಎಡಗೈಯಲ್ಲಿ ಕಾಫಿ ಲೋಟ ಎತ್ತಿದ, ಅಂಚಿನಿಂದ ಸ್ವಲ್ಪ ತುಳುಕಿತು. ನಾನು ಲೋಟ ಕಿತ್ತುಕೊಂಡು, ‘ಪಾಪ, ಅವನ ಕೈಯಲ್ಲಿ ಆಗುವುದಿಲ್ಲ’ ಎಂದೆ. ಅಕ್ಕರೆಯಿಂದಲೇ ಎಂದದ್ದು. ಅವನು ನನ್ನ ಕೈಯಿಂದ ಲೋಟ ವಾಪಸು ತೆಗೆದುಕೊಂಡು, ನಿಂತೇ ಕುಡಿದು, ತೊಳೆದು, ಬೋರಲು ಹಾಕಿ ಹೊರಗೆ ಹೋದ. ನಾನು ಹೊರಡುವವರೆಗೂ ನನ್ನ ಪಕ್ಕದಲ್ಲಿ ಊಟಕ್ಕೆ ಕೂರಲಿಲ್ಲ. ಇಂದಿಗೂ ನಾನು ಕ್ಷಮೆ ಕೇಳಿಲ್ಲ.

ಹಾಗಾಗಿ ಬುದ್ಧಿ ಹೇಳಲು ನನಗೆ ಬಾಯಿಲ್ಲ. ಆದರೂ, ಫಿಸಿಯೋಥೆರಪಿ ತಪ್ಪಿಸಬೇಡ. ನಿನ್ನ ಅಮ್ಮ ‘ಪಾಪ’ ಎಂದರೆ ಸಿಡುಕಬೇಡ, ಅವಳು ಬೆಕ್ಕಿಗೂ ಹಾಗೆಯೇ ಅನ್ನುತ್ತಾಳೆ. ಬಿ.ಕಾಂ. ಉಳಿದ ಪರೀಕ್ಷೆಗಳನ್ನು ಕಟ್ಟು ಎನ್ನೋಣವೆಂದುಕೊಂಡೆ. ಮೈದಾನದ ಹುಡುಗನಿಗೆ ಈ ಮಾತು ಎಷ್ಟು ರುಚಿಸುತ್ತದೋ, ಗೊತ್ತಿಲ್ಲ.

ಬ್ಲೂಮ್‌ಫೀಲ್ಡಿನ ಗ್ರೇಸ್ ಅವೆನ್ಯೂವಿನ ಗೋಡೆಯೊಂದರಲ್ಲಿ ಡ್ಯಾನಿಯ ಹೆಸರಿನ ನೀಲಿ ಸ್ಮಾರಕ ಫಲಕವಿದೆ. ನಾನು ಅದರ ಮುಂದೆ ನಿಂತಾಗಲೆಲ್ಲ ನೆನೆಯುವುದು ತಮ್ಮನನ್ನೇ. ಈಗ ಜೊತೆಗೆ ನಿನ್ನನ್ನೂ.

ಸಾಧ್ಯವಾದರೆ ಒಂದು ಭಾನುವಾರ ದಾವಣಗೆರೆಗೆ ಹೋಗಿ ಚಿಕ್ಕಮಾವನ ಹತ್ತಿರ ಕುಳಿತುಕೊಂಡು ಬಾ. ಆ ಪದದ ಬಗ್ಗೆ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ನಾನು ಕಳುಹಿಸಿದೆ ಎನ್ನಬೇಡ, ಎದ್ದು ಹೋಗಿಬಿಟ್ಟಾನು.

ನಿನ್ನ ಮಾವ